ಓಡದ ಸ್ಪೀಡೋಮೀಟರು, ಆರದ ಎ.ಬಿ.ಎಸ್. ದೀಪ: ದೋಷ ಕಂಡುಹಿಡಿಯುವ ಕ್ರಮ

ತರಕಾರಿ, ಹಾಲು, ಅಡಿಕೆ, ರೇಷ್ಮೆಗೂಡು ಮುಂತಾದವನ್ನು ಮಾರುಕಟ್ಟೆಗೆ ಸಾಗಿಸಲು ಪಿಕಪ್ ವಾಹನ, ಜೀಪು ಮತ್ತು ವ್ಯಾನುಗಳು ಈಗ ಹಳ್ಳಿಹಳ್ಳಿಗಳಲ್ಲೂ ಬಳಕೆಯಲ್ಲಿವೆ. ಬೆಳಗಿನ ಹರಾಜಿಗೆ ಮುಟ್ಟಬೇಕಾದ ಮಾಲನ್ನು ರಾತ್ರಿಯೇ ಹೇರಿಕೊಂಡು ಹೊರಡುವುದು ವಾಡಿಕೆ. ಇಂತಹ ಪ್ರಯಾಣದಲ್ಲಿ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತರೂ, ಹಳದಿ ಬಣ್ಣದ ಎ.ಬಿ.ಎಸ್. ದೀಪ ಆರದೆ ಉಳಿದರೂ ಅನೇಕರು ಲಕ್ಷ್ಯ ಕೊಡುವುದಿಲ್ಲ. ಗಾಡಿ ಓಡುತ್ತಿದೆ, ಬ್ರೇಕು ಹಿಡಿಯುತ್ತಿದೆ, ಅಷ್ಟು ಸಾಕೆಂದು ಸುಮ್ಮನಾಗುತ್ತಾರೆ. ಮತ್ತೆ ಕೆಲವರು ಪರೀಕ್ಷಿಸದೆಯೇ ಹೊಸ ಸೆನ್ಸರ್ ಹಾಕಿಸಿ, ದೀಪ ಆರದಿದ್ದಾಗ ಇನ್ನೊಂದು ಬಿಡಿಭಾಗಕ್ಕೆ ಹಣ ಸುರಿಯುತ್ತಾರೆ. ಈ ಎರಡು ದಾರಿಗಳೂ ಸರಿಯಲ್ಲ.

ಎ.ಬಿ.ಎಸ್. ಕೆಲಸ ಮಾಡದ ವಾಹನವು ಮಳೆಯ ದಿನ ಘಟ್ಟದ ಇಳಿಜಾರಿನಲ್ಲಿ ಜಾರಿದರೆ ಚಾಲಕನ ಹಿಡಿತಕ್ಕೆ ಸಿಗದೆ ಹೋಗಬಹುದು. ಆದ್ದರಿಂದ ದೋಷವನ್ನು ಬೇಗನೆ ಸರಿಪಡಿಸಿಕೊಳ್ಳುವುದು ಅವಶ್ಯ. ಹಳ್ಳಿಯ ವಾಹನಗಳಲ್ಲಿ ಈ ದೋಷಕ್ಕೆ ಕೆಸರು, ತುಂಡಾದ ವೈರು, ಸವೆದ ಬೇರಿಂಗ್, ತುಕ್ಕು ಹಿಡಿದ ಕನೆಕ್ಟರ್ ಇವು ಎಷ್ಟೋ ಸಲ ಕಾರಣವಾಗಿರುತ್ತವೆ. ಕ್ರಮವಾಗಿ ಪರೀಕ್ಷಿಸಿದರೆ ಖರ್ಚು ಕಡಿಮೆಯಾಗುತ್ತದೆ.

ವಾಹನಕ್ಕೆ ವೇಗ ತಿಳಿಯುವುದು ಹೇಗೆ?

ಹಿಂದಿನ ಜೀಪು, ಲಾರಿಗಳಲ್ಲಿ ಗೇರ್ ಬಾಕ್ಸಿನಿಂದ ಹೊರಟ ಉಕ್ಕಿನ ಕೇಬಲ್ ತಿರುಗುತ್ತಾ ಸ್ಪೀಡೋಮೀಟರಿನ ಒಳಗಿರುವ ಅಯಸ್ಕಾಂತವನ್ನು ತಿರುಗಿಸುತ್ತಿತ್ತು. ಕೇಬಲ್ ತುಂಡಾದರೆ ಮುಳ್ಳು ನಿಲ್ಲುತ್ತಿತ್ತು. ಹೊಸ ಕೇಬಲ್ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗಿನ ವಾಹನಗಳಲ್ಲಿ ಕೇಬಲಿನ ಜಾಗಕ್ಕೆ ವಿದ್ಯುತ್ ಸಂಕೇತ ಬಂದಿದೆ. ಆ ಸಂಕೇತವನ್ನು ಕೊಡುವ ಸಣ್ಣ ಸಾಧನವೇ ವೇಗದ ಸೆನ್ಸರ್.

ಸೆನ್ಸರುಗಳು ಎರಡು ಜಾಗಗಳಲ್ಲಿರುತ್ತವೆ. ಮೊದಲನೆಯದು ಗೇರ್ ಬಾಕ್ಸಿನ ಹಿಂಭಾಗದಲ್ಲಿ, ಶಕ್ತಿ ಹೊರಬರುವ ಶಾಫ್ಟಿನ ಬಳಿ ಇರುತ್ತದೆ. ಇದು ಇಡೀ ವಾಹನದ ವೇಗವನ್ನು ತಿಳಿಸುತ್ತದೆ. ಎರಡನೆಯ ಬಗೆಯವು ಚಕ್ರಗಳ ಹಬ್ಬಿನ ಬಳಿ ಇರುತ್ತವೆ. ಒಂದೊಂದು ಚಕ್ರಕ್ಕೆ ಒಂದರಂತೆ ಇದ್ದು ಆಯಾ ಚಕ್ರದ ವೇಗವನ್ನು ಎ.ಬಿ.ಎಸ್. ನಿಯಂತ್ರಕಕ್ಕೆ ತಿಳಿಸುತ್ತವೆ. ಕೆಲವು ಪಿಕಪ್ ವಾಹನಗಳಲ್ಲಿ ಹಿಂದಿನ ಎರಡೂ ಚಕ್ರಗಳಿಗೆ ಸೇರಿ ಡಿಫರೆನ್ಷಿಯಲ್ ಬಳಿ ಒಂದೇ ಸೆನ್ಸರ್ ಇರುವುದುಂಟು. ಇತ್ತೀಚಿನ ಅನೇಕ ವಾಹನಗಳಲ್ಲಿ ಗೇರ್ ಬಾಕ್ಸಿನ ಬಳಿ ಸೆನ್ಸರೇ ಇರುವುದಿಲ್ಲ. ಚಕ್ರದ ಸೆನ್ಸರುಗಳ ಲೆಕ್ಕವೇ ಎ.ಬಿ.ಎಸ್. ನಿಯಂತ್ರಕದ ಮೂಲಕ ಸ್ಪೀಡೋಮೀಟರಿಗೆ ಹೋಗುತ್ತದೆ. ಹೀಗಿರುವ ವಾಹನದಲ್ಲಿ ಚಕ್ರದ ಬಳಿಯ ಒಂದು ದೋಷದಿಂದ ಎರಡೂ ಕೆಡಬಹುದು.

ಸೆನ್ಸರಿನ ಎದುರು ಹಲ್ಲುಗಳಿರುವ ಒಂದು ಉಕ್ಕಿನ ಬಳೆ ಚಕ್ರದೊಡನೆ ತಿರುಗುತ್ತದೆ. ಒಂದೊಂದು ಹಲ್ಲು ಹಾದುಹೋದಾಗಲೂ ಸೆನ್ಸರಿನಲ್ಲಿ ಒಂದು ಸಂಕೇತ ಹುಟ್ಟುತ್ತದೆ. ಉದಾಹರಣೆಗೆ, ಬಳೆಯಲ್ಲಿ 48 ಹಲ್ಲುಗಳಿದ್ದು ಚಕ್ರದ ಸುತ್ತಳತೆ 2 ಮೀಟರ್ ಇದೆಯೆಂದು ಇಟ್ಟುಕೊಳ್ಳೋಣ. ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಅಷ್ಟು ದೂರಕ್ಕೆ ಚಕ್ರ 5 ಸುತ್ತು ತಿರುಗಬೇಕು. ಅಂದರೆ ಸೆಕೆಂಡಿಗೆ 240 ಸಂಕೇತಗಳು. ನಿಯಂತ್ರಕವು ಈ ಸಂಕೇತಗಳನ್ನು ಎಣಿಸಿ ವೇಗವನ್ನು ಲೆಕ್ಕ ಹಾಕುತ್ತದೆ.

ಸೆನ್ಸರುಗಳಲ್ಲಿ ಎರಡು ವಿಧ. ಹಳೆಯ ವಿಧದಲ್ಲಿ ಅಯಸ್ಕಾಂತದ ಸುತ್ತ ತಂತಿಯ ಸುರುಳಿ ಇರುತ್ತದೆ. ಇದಕ್ಕೆ ಹೊರಗಿನ ವಿದ್ಯುತ್ ಬೇಕಿಲ್ಲ. ಆದರೆ ವಾಹನ ತೀರ ನಿಧಾನವಾಗಿ ಹೋಗುವಾಗ ಇದರ ಸಂಕೇತ ಬಹಳ ದುರ್ಬಲವಾಗಿರುತ್ತದೆ. ಹೊಸ ವಿಧದ ಸೆನ್ಸರಿನೊಳಗೆ ಎಲೆಕ್ಟ್ರಾನಿಕ್ ಚಿಪ್ ಇರುವುದರಿಂದ ಅದಕ್ಕೆ ವಿದ್ಯುತ್ ಪೂರೈಸಬೇಕಾಗುತ್ತದೆ. ಇದು ನಿಧಾನ ವೇಗದಲ್ಲೂ ಸರಿಯಾದ ಸಂಕೇತ ಕೊಡುತ್ತದೆ. ಹೊಸ ವಿಧದಲ್ಲಿ ಹಲ್ಲಿನ ಬಳೆಯ ಬದಲು ಬೇರಿಂಗಿನ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುವುದೂ ಉಂಟು. ಈ ಎರಡು ವಿಧಗಳನ್ನು ಪರೀಕ್ಷಿಸುವ ಕ್ರಮ ಬೇರೆ ಬೇರೆ ಎಂಬುದನ್ನು ನೆನಪಿನಲ್ಲಿಡಬೇಕು.

ಎ.ಬಿ.ಎಸ್. ಮಾಡುವ ಕೆಲಸ

ಬ್ರೇಕನ್ನು ಒಮ್ಮೆಲೇ ಜೋರಾಗಿ ತುಳಿದರೆ ಚಕ್ರ ತಿರುಗುವುದು ನಿಂತು, ವಾಹನ ಮಾತ್ರ ರಸ್ತೆಯ ಮೇಲೆ ಜಾರುತ್ತಾ ಹೋಗುತ್ತದೆ. ಇದನ್ನೇ ಚಾಲಕರು ಚಕ್ರ ಜಾಮ್ ಆಯಿತು ಎನ್ನುವುದು. ಮುಂದಿನ ಚಕ್ರಗಳು ಜಾಮ್ ಆದರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ವಾಹನ ತಿರುಗುವುದಿಲ್ಲ. ಹಿಂದಿನ ಚಕ್ರಗಳು ಜಾಮ್ ಆದರೆ ಹಿಂಭಾಗ ಪಕ್ಕಕ್ಕೆ ಎಳೆದುಕೊಂಡು ಹೋಗಿ ವಾಹನ ಅಡ್ಡವಾಗುತ್ತದೆ.

ಒಂದು ಚಕ್ರದ ವೇಗ ಉಳಿದವುಗಳಿಗಿಂತ ಥಟ್ಟನೆ ಇಳಿದುದನ್ನು ಕಂಡ ಕೂಡಲೆ ಎ.ಬಿ.ಎಸ್. ನಿಯಂತ್ರಕವು ಆ ಚಕ್ರದ ಬ್ರೇಕಿನ ಒತ್ತಡವನ್ನು ಸ್ವಲ್ಪ ಬಿಟ್ಟು ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಬಾರಿ ಹೀಗೆ ಮಾಡುವುದರಿಂದ ಚಕ್ರ ಉರುಳುತ್ತಲೇ ಇರುತ್ತದೆ, ಸ್ಟಿಯರಿಂಗ್ ಮಾತು ಕೇಳುತ್ತದೆ. ಆಗ ಕಾಲಿನ ಕೆಳಗೆ ಪೆಡಲ್ ಅದುರಿದಂತಾಗುವುದು ಸಹಜ. ಹೆದರಿ ಕಾಲು ತೆಗೆಯಬಾರದು.

ಜರ್ಮನಿಯ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎ.ಬಿ.ಎಸ್. 1978ರಲ್ಲಿ ಕಾರುಗಳಲ್ಲಿ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ, 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ಮೋಟಾರು ಸೈಕಲುಗಳಿಗೂ ಇದನ್ನು ಕಡ್ಡಾಯ ಮಾಡಲಾಯಿತು. ಹೀಗಾಗಿ ಹಳ್ಳಿಯ ಮೆಕ್ಯಾನಿಕ್ಕರಿಗೂ ಇದರ ತಿಳುವಳಿಕೆ ಬೇಕಾಗಿದೆ.

ದೋಷದ ಲಕ್ಷಣಗಳು

ಕೀಲಿ ತಿರುಗಿಸಿದಾಗ ಎ.ಬಿ.ಎಸ್. ದೀಪ ಕೆಲವು ಸೆಕೆಂಡು ಉರಿದು ಆರಬೇಕು. ನಿಯಂತ್ರಕವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸಮಯ ಅದು. ಈ ದೀಪವನ್ನು ಗಮನಿಸಿದರೆ ದೋಷ ಯಾವ ಕಡೆ ಇದೆಯೆಂದು ಊಹಿಸಬಹುದು.

1. ದೀಪ ಆರುವುದೇ ಇಲ್ಲ: ಫ್ಯೂಸ್ ಹೋಗಿರಬಹುದು, ವೈರು ತುಂಡಾಗಿರಬಹುದು, ಸೆನ್ಸರಿನ ಒಳಗಿನ ಸುರುಳಿ ಕಡಿದಿರಬಹುದು, ನಿಯಂತ್ರಕವೇ ಕೆಟ್ಟಿರಬಹುದು.

2. ದೀಪ ಆರುತ್ತದೆ, ವಾಹನ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹತ್ತುತ್ತದೆ: ವೈರು ಕೂಡಿಕೊಂಡೇ ಇದ್ದು, ಚಕ್ರ ತಿರುಗಿದರೂ ಸಂಕೇತ ಸರಿಯಾಗಿ ಬರುತ್ತಿಲ್ಲ ಎಂದು ತಿಳಿಯಬೇಕು. ಕೆಸರು, ಒಡೆದ ಬಳೆ, ಹೆಚ್ಚಾದ ಅಂತರ ಇವುಗಳನ್ನು ಮೊದಲು ನೋಡಬೇಕು.

3. ಹಳ್ಳದಿಣ್ಣೆಯಲ್ಲಿ ಅಥವಾ ತಿರುವಿನಲ್ಲಿ ಮಾತ್ರ ದೀಪ ಹತ್ತುತ್ತದೆ: ಒಳಗೆ ಅರೆ ಕಡಿದ ವೈರು, ಸಡಿಲ ಕನೆಕ್ಟರ್ ಅಥವಾ ಆಡುವ ಬೇರಿಂಗ್ ಕಾರಣವಾಗಿರಬಹುದು.

4. ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕು ಹಿಡಿದು ನಿಲ್ಲಿಸುವಾಗ, ಕೊನೆಯ ಗಳಿಗೆಯಲ್ಲಿ ಪೆಡಲ್ ಅದುರುತ್ತದೆ: ನಿಧಾನ ವೇಗದಲ್ಲಿ ಒಂದು ಸೆನ್ಸರಿನ ಸಂಕೇತ ಕಳೆದುಹೋಗಿ, ಆ ಚಕ್ರ ನಿಂತಿತೆಂದು ನಿಯಂತ್ರಕ ತಪ್ಪಾಗಿ ತಿಳಿಯುತ್ತಿದೆ. ಇದರಿಂದ ವಾಹನ ನಿಲ್ಲುವ ದೂರ ಹೆಚ್ಚುತ್ತದೆ. ದೀಪ ಹತ್ತದಿದ್ದರೂ ಈ ದೋಷವನ್ನು ಅಲಕ್ಷಿಸಬಾರದು.

5. ಸ್ಪೀಡೋಮೀಟರ್ ಮಾತ್ರ ನಿಂತಿದೆ, ಎ.ಬಿ.ಎಸ್. ದೀಪ ಹತ್ತಿಲ್ಲ: ಗೇರ್ ಬಾಕ್ಸಿನ ಸೆನ್ಸರ್, ಅದರ ವೈರು ಅಥವಾ ಮೀಟರಿನಲ್ಲಿ ದೋಷವಿದೆ. ಮುಳ್ಳು ನಿಂತಿದ್ದರೂ ಕಿಲೋಮೀಟರ್ ಅಂಕಿ ಏರುತ್ತಿದ್ದರೆ ಸೆನ್ಸರ್ ಚೆನ್ನಾಗಿದೆ, ಮೀಟರ್ ಕೆಟ್ಟಿದೆ ಎಂದು ಹೇಳಬಹುದು.

6. ಎರಡೂ ಒಟ್ಟಿಗೆ ಕೆಟ್ಟಿವೆ: ಚಕ್ರದ ಸೆನ್ಸರ್, ಎರಡಕ್ಕೂ ಸಾಮಾನ್ಯವಾದ ಫ್ಯೂಸ್, ಅರ್ಥ್ ವೈರು ಅಥವಾ ನಿಯಂತ್ರಕವನ್ನು ನೋಡಬೇಕು.

ಹಳದಿ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ವಾಹನವನ್ನು ಮುಂದೆ ಓಡಿಸಬಾರದು. ಬ್ರೇಕ್ ಎಣ್ಣೆ ಇಳಿದಿರಬಹುದು, ಇಲ್ಲವೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲವನ್ನು ಹಂಚುವ ವ್ಯವಸ್ಥೆಯೂ ನಿಂತಿರಬಹುದು. ಕೂಡಲೆ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಿ, ಮೆಕ್ಯಾನಿಕ್ಕರನ್ನು ಕರೆಸಬೇಕು.

ಹಳೆಯ ವಾಹನ ಕೊಳ್ಳುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕೀಲಿ ತಿರುಗಿಸಿದಾಗ ಎ.ಬಿ.ಎಸ್. ದೀಪ ಒಮ್ಮೆಯೂ ಹತ್ತದಿದ್ದರೆ, ದೋಷ ಮುಚ್ಚಿಡಲು ದೀಪವನ್ನೇ ತೆಗೆದಿರುವ ಸಂಭವವಿದೆ.

ಕೆಡಲು ಕಾರಣಗಳು

ಹೊಲಗದ್ದೆಗೆ ಇಳಿಯುವ ವಾಹನದಲ್ಲಿ ಕೆಸರು ಹಬ್ಬಿನೊಳಗೆ ಸೇರಿ, ಒಣಗಿ, ಹಲ್ಲುಗಳ ನಡುವೆ ಗಟ್ಟಿಯಾಗುತ್ತದೆ. ಕಬ್ಬಿನ ಗದ್ದೆಯಲ್ಲಿ ರವದಿ, ಕಣದಲ್ಲಿ ಹುಲ್ಲು ಆಕ್ಸಲಿಗೆ ಸುತ್ತಿಕೊಂಡು ಸೆನ್ಸರಿನ ವೈರನ್ನು ಎಳೆದು ಹರಿಯುತ್ತದೆ. ಕಾಳು, ಹಿಂಡಿ, ಹುಲ್ಲು ಇರುವ ಕೊಟ್ಟಿಗೆಯಲ್ಲಿ ವಾಹನ ನಿಲ್ಲಿಸಿದರೆ ಇಲಿಗಳು ವೈರು ಕಡಿಯುತ್ತವೆ. ರಸಗೊಬ್ಬರದ ಪುಡಿ ತೇವಾಂಶ ಹೀರಿ ಕನೆಕ್ಟರಿನ ಪಿನ್ನುಗಳಿಗೆ ಕಿಲುಬು ಹಿಡಿಸುತ್ತದೆ. ಕರಾವಳಿಯ ಉಪ್ಪುಗಾಳಿಯಿಂದಲೂ ಹೀಗೆಯೇ ಆಗುತ್ತದೆ. ಬಳೆಯ ಅಡಿಯಲ್ಲಿ ತುಕ್ಕು ಬೆಳೆದರೆ ಬಳೆ ಉಬ್ಬಿ ಸೀಳುತ್ತದೆ.

ಮನುಷ್ಯರ ಅಜಾಗರೂಕತೆಯಿಂದಲೂ ದೋಷ ಬರುತ್ತದೆ. ಬ್ರೇಕ್ ಲೈನರ್ ಬದಲಾಯಿಸುವಾಗ ವೈರನ್ನು ಕ್ಲಿಪ್ಪಿಗೆ ಸಿಕ್ಕಿಸದೆ ಬಿಟ್ಟರೆ ಅದು ಟೈರಿಗೆ ಉಜ್ಜಿ ಸವೆಯುತ್ತದೆ. ಅಯಸ್ಕಾಂತದ ಪಟ್ಟಿಯುಳ್ಳ ಬೇರಿಂಗನ್ನು ತಿರುಗುಮುರುಗಾಗಿ ಹಾಕಿದರೆ ಪಟ್ಟಿ ಸೆನ್ಸರಿನ ಎದುರಿಗೆ ಬರುವುದಿಲ್ಲ. ಬೇರಿಂಗ್ ಹೊಸದಾದರೂ ದೀಪ ಆರುವುದಿಲ್ಲ. ಇಂತಹ ಬೇರಿಂಗನ್ನು ಸ್ಪೀಕರ್ ಮುಂತಾದ ಅಯಸ್ಕಾಂತವಿರುವ ವಸ್ತುಗಳ ಹತ್ತಿರ ಇಡಬಾರದು, ಕಬ್ಬಿಣದ ಅರಪುಡಿ ಬಿದ್ದ ಮೇಜಿನ ಮೇಲೂ ಇಡಬಾರದು. ಮುಂದೆ ಒಂದು ಅಳತೆ, ಹಿಂದೆ ಇನ್ನೊಂದು ಅಳತೆಯ ಟೈರು ಹಾಕಿದರೂ ಚಕ್ರಗಳ ವೇಗ ಹೊಂದದೆ ದೀಪ ಹತ್ತಬಹುದು.

ಪರೀಕ್ಷಿಸುವ ಕ್ರಮ

ಸುಲಭವಾದ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಬೇಕು.

ಮೊದಲನೆಯ ಹಂತ: ಬ್ಯಾಟರಿ ಮತ್ತು ಫ್ಯೂಸ್. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ವೋಲ್ಟೇಜ್ ಬಹಳ ಕಡಿಮೆಯಾದರೆ ಎ.ಬಿ.ಎಸ್. ತಾನಾಗಿಯೇ ನಿಲ್ಲುತ್ತದೆ. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ತಂತಿ ಸುತ್ತಿ ಕೆಲಸ ನಡೆಸಬಾರದು.

ಎರಡನೆಯ ಹಂತ: ಟೈರು. ನಾಲ್ಕೂ ಟೈರುಗಳ ಅಳತೆ ಮತ್ತು ಗಾಳಿ ಸರಿಯಾಗಿವೆಯೇ ನೋಡಬೇಕು.

ಮೂರನೆಯ ಹಂತ: ದೋಷದ ಸಂಖ್ಯೆ ಓದುವುದು. ಸ್ಟಿಯರಿಂಗಿನ ಕೆಳಭಾಗದಲ್ಲಿರುವ ಸಾಕೆಟಿಗೆ ಸ್ಕ್ಯಾನರ್ ಜೋಡಿಸಿದರೆ ನಿಯಂತ್ರಕ ದಾಖಲಿಸಿಟ್ಟ ದೋಷದ ಸಂಖ್ಯೆ ಸಿಗುತ್ತದೆ. ಪಿ 0500 ಎಂದರೆ ವಾಹನದ ವೇಗದ ಸೆನ್ಸರಿನ ದೋಷ. ಸಾಮಾನ್ಯ ಪಟ್ಟಿಯಲ್ಲಿ ಸಿ 0035 ಮುಂದಿನ ಎಡ, ಸಿ 0040 ಮುಂದಿನ ಬಲ, ಸಿ 0045 ಹಿಂದಿನ ಎಡ, ಸಿ 0050 ಹಿಂದಿನ ಬಲ ಚಕ್ರದ ಸೆನ್ಸರನ್ನು ಸೂಚಿಸುತ್ತವೆ. ಕೆಲವು ಕಂಪನಿಗಳು ತಮ್ಮದೇ ಸಂಖ್ಯೆಗಳನ್ನು ಬಳಸುವುದರಿಂದ ಆಯಾ ವಾಹನದ ಕೈಪಿಡಿಯನ್ನು ನೋಡಬೇಕು. ಅಗ್ಗದ ಸ್ಕ್ಯಾನರುಗಳು ಎಂಜಿನ್ನಿನ ಸಂಖ್ಯೆಗಳನ್ನು ಮಾತ್ರ ಓದುತ್ತವೆ, ಎ.ಬಿ.ಎಸ್. ಓದುವ ಸ್ಕ್ಯಾನರ್ ಇದೆಯೇ ಎಂದು ಗ್ಯಾರೇಜಿನಲ್ಲಿ ಮೊದಲೇ ಕೇಳಿಕೊಳ್ಳಬೇಕು. ಸಂಖ್ಯೆ ತೋರಿಸುವುದು ಯಾವ ಚಕ್ರದ ಸಂಕೇತದಲ್ಲಿ ದೋಷವಿದೆ ಎಂಬುದನ್ನು ಮಾತ್ರ. ಆ ಸೆನ್ಸರೇ ಕೆಟ್ಟಿದೆ ಎಂದು ಅದರ ಅರ್ಥವಲ್ಲ.

ನಾಲ್ಕನೆಯ ಹಂತ: ಓಡಿಸಿ ನೋಡುವುದು. ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ನೇರವಾಗಿ ಹೋಗುವಾಗ ಸ್ಕ್ಯಾನರಿನಲ್ಲಿ ನಾಲ್ಕು ಚಕ್ರಗಳ ವೇಗವೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಚಕ್ರ ಸೊನ್ನೆ ತೋರಿಸಿದರೆ, ಅಥವಾ ನಿಲ್ಲಿಸುವಾಗ ಉಳಿದವುಗಳಿಗಿಂತ ಮೊದಲೇ ಸೊನ್ನೆಗೆ ಇಳಿದರೆ, ದೋಷ ಅಲ್ಲಿದೆ. ಸ್ಕ್ಯಾನರನ್ನು ಜೊತೆಯಲ್ಲಿ ಕುಳಿತವರು ನೋಡಬೇಕೇ ಹೊರತು ಚಾಲಕರಲ್ಲ.

ಐದನೆಯ ಹಂತ: ಕಣ್ಣಿನಿಂದ ನೋಡುವುದು. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಜಾಕ್ ಏರಿಸಿದ ಮೇಲೆ ಗಟ್ಟಿಯಾದ ಸ್ಟ್ಯಾಂಡ್ ಇಡಬೇಕು. ಬರೀ ಜಾಕನ್ನು ನಂಬಿ ಕೆಳಗೆ ನುಗ್ಗಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಮೊದಲು ಬೇರಿಂಗ್ ಸರಿಪಡಿಸಬೇಕು. ನಂತರ ಚಕ್ರ ಬಿಚ್ಚಿ, ಸೆನ್ಸರಿನಿಂದ ಕನೆಕ್ಟರಿನವರೆಗೆ ವೈರನ್ನು ಪೂರ್ತಿಯಾಗಿ ನೋಡಬೇಕು. ಬಳೆಯನ್ನು ಒಂದು ಸುತ್ತು ತಿರುಗಿಸಿ ಮುರಿದ ಹಲ್ಲು, ಸೀಳು, ಕೆಸರು ಇವೆಯೇ ನೋಡಿ ಮೆತ್ತನೆಯ ಬ್ರಷ್ಷಿನಿಂದ ಸ್ವಚ್ಛ ಮಾಡಬೇಕು. ಸೆನ್ಸರಿನ ತುದಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಬಟ್ಟೆಯಿಂದ ಒರೆಸಬೇಕು. ಸೆನ್ಸರಿಗೂ ಬಳೆಗೂ ನಡುವೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು ಅಂತರವಿರುತ್ತದೆ. ಸರಿಯಾದ ಅಳತೆಯನ್ನು ಕೈಪಿಡಿಯಿಂದ ತಿಳಿದು ಫೀಲರ್ ಗೇಜಿನಿಂದ ನೋಡಬೇಕು. ಎಷ್ಟೋ ವಾಹನಗಳಲ್ಲಿ ದೋಷ ಈ ಹಂತದಲ್ಲೇ ಸಿಕ್ಕಿಬಿಡುತ್ತದೆ.

ಆರನೆಯ ಹಂತ: ಮಲ್ಟಿಮೀಟರ್ ಪರೀಕ್ಷೆ. ಸೆನ್ಸರ್ ಯಾವ ವಿಧದ್ದೆಂದು ಮೊದಲು ತಿಳಿದುಕೊಳ್ಳಬೇಕು. ಸುರುಳಿ ವಿಧದ್ದಾದರೆ ಕೀಲಿ ತೆಗೆದು, ಕನೆಕ್ಟರ್ ಬಿಚ್ಚಿ, ಸೆನ್ಸರಿನ ಎರಡು ಪಿನ್ನುಗಳ ನಡುವಿನ ಪ್ರತಿರೋಧ ಅಳೆಯಬೇಕು. ಅನೇಕ ಸೆನ್ಸರುಗಳಲ್ಲಿ ಇದು 800ರಿಂದ 2000 ಓಮ್ ಇರುತ್ತದೆ. ಇನ್ನೊಂದು ಬದಿಯ ಚಕ್ರದ ಸೆನ್ಸರಿನ ಜೊತೆ ಹೋಲಿಸಿ ನೋಡುವುದು ಒಳ್ಳೆಯದು. ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ಅಥವಾ ವೈರು ಕಡಿದಿದೆ. ಅಳೆಯುವಾಗ ವೈರನ್ನು ಬಾಗಿಸಿದರೆ ಅಂಕಿ ಏರಿಳಿದರೆ ವೈರಿನೊಳಗೆ ಅರೆ ಕಡಿತವಿದೆ. ಆಮೇಲೆ ಮೀಟರನ್ನು ಎ.ಸಿ. ವೋಲ್ಟಿಗೆ ಇಟ್ಟು ಚಕ್ರವನ್ನು ಕೈಯಿಂದ ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಬೇಕು. ಆಗ ಸಣ್ಣ ವೋಲ್ಟೇಜ್ ಕಾಣಿಸಿ, ಚಕ್ರದ ವೇಗ ಹೆಚ್ಚಿದಂತೆ ಅದೂ ಹೆಚ್ಚಬೇಕು.

ಚಿಪ್ ಇರುವ ಸೆನ್ಸರನ್ನು ಓಮ್ ಮೀಟರಿನಿಂದ ಅಳೆಯಬಾರದು; ಅದರಿಂದ ನಿಜಸ್ಥಿತಿ ತಿಳಿಯುವುದಿಲ್ಲ, ಸೆನ್ಸರ್ ಕೆಡಲೂಬಹುದು. ಕೀಲಿ ತಿರುಗಿಸಿ, ವಾಹನದ ಕಡೆಯ ಕನೆಕ್ಟರಿನಲ್ಲಿ ವಿದ್ಯುತ್ ಬರುತ್ತಿದೆಯೇ ನೋಡಬೇಕು. ಬರದಿದ್ದರೆ ಸೆನ್ಸರ್ ಬದಲಾಯಿಸಿ ಉಪಯೋಗವಿಲ್ಲ, ವೈರಿನಲ್ಲಿ ಅಥವಾ ನಿಯಂತ್ರಕದಲ್ಲಿ ದೋಷವಿದೆ. ಗೇರ್ ಬಾಕ್ಸಿನ ಮೂರು ವೈರಿನ ಸೆನ್ಸರಿನಲ್ಲಿ ಒಂದು ವಿದ್ಯುತ್ ಪೂರೈಕೆ, ಒಂದು ಅರ್ಥ್, ಒಂದು ಸಂಕೇತ. ಚಾಲಕ ಚಕ್ರವನ್ನು ನಿಧಾನವಾಗಿ ತಿರುಗಿಸಿದಾಗ ಸಂಕೇತದ ವೈರಿನಲ್ಲಿ ವೋಲ್ಟೇಜ್ ಏರಿ ಇಳಿದು ಮಾಡಬೇಕು. ಪರೀಕ್ಷೆಗಾಗಿ ವೈರಿಗೆ ಸೂಜಿ ಚುಚ್ಚಬಾರದು. ಆ ತೂತಿನಿಂದ ನೀರು ಸೇರಿ ತಾಮ್ರ ಕೊಳೆಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಸೆನ್ಸರೇ ಕೆಟ್ಟಿದೆಯೆಂದು ಖಚಿತವಾದರೆ ಮಾತ್ರ ಹೊಸದನ್ನು ಹಾಕಬೇಕು. ದುರಸ್ತಿಯ ನಂತರ ಸ್ಕ್ಯಾನರಿನಿಂದ ಹಳೆಯ ದೋಷದ ಸಂಖ್ಯೆಯನ್ನು ಅಳಿಸಿ, ವಾಹನ ಓಡಿಸಿ, ದೀಪ ಮತ್ತೆ ಹತ್ತುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಮೋಟಾರು ಸೈಕಲುಗಳಲ್ಲಿ

ಮೋಟಾರು ಸೈಕಲಿನ ಎ.ಬಿ.ಎಸ್. ದೀಪ ಕೀಲಿ ತಿರುಗಿಸಿದಾಗ ಹತ್ತಿ, ಗಾಡಿ ಸ್ವಲ್ಪ ವೇಗವಾಗಿ ಚಲಿಸಿದ ಮೇಲೆಯೇ ಆರುತ್ತದೆ. ನಿಂತಲ್ಲಿ ದೀಪ ಉರಿಯುವುದು ದೋಷವಲ್ಲ. ಪಂಕ್ಚರ್ ಹಾಕಲು ಚಕ್ರ ಬಿಚ್ಚಿದ ನಂತರ ದೀಪ ಹತ್ತಿದರೆ, ಬಳೆ ಬಾಗಿದೆಯೇ, ಸೆನ್ಸರ್ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಮಾತ್ರ ಜೋರಾಗಿ ತಿರುಗಿಸಿದರೂ ದೀಪ ಹತ್ತಬಹುದು. ಕೀಲಿ ತೆಗೆದು ಮತ್ತೆ ಹಾಕಿ ಸ್ವಲ್ಪ ದೂರ ಓಡಿಸಿದರೆ ಅದು ಆರುತ್ತದೆ.

ದುರಸ್ತಿಯಾಗುವವರೆಗೆ

ಹಳದಿ ದೀಪ ಮಾತ್ರ ಹತ್ತಿದ್ದರೆ ಸಾಮಾನ್ಯ ಬ್ರೇಕು ಕೆಲಸ ಮಾಡುತ್ತದೆ. ಆದರೆ ಚಕ್ರ ಜಾಮ್ ಆಗುವುದನ್ನು ತಡೆಯುವ ವ್ಯವಸ್ಥೆ ಇಲ್ಲವೆಂದು ತಿಳಿದು ಗ್ಯಾರೇಜಿನವರೆಗೆ ನಿಧಾನವಾಗಿ ಹೋಗಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಆದ್ದರಿಂದ ಮುಂದಿನ ವಾಹನದಿಂದ ಹೆಚ್ಚು ದೂರ ಬಿಡಬೇಕು. ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ಇಳಿಯಬೇಕು. ಚಕ್ರ ಜಾರಿದಂತೆ ಕಂಡರೆ ಪೆಡಲನ್ನು ಸ್ವಲ್ಪ ಬಿಟ್ಟು ಮತ್ತೆ ಒತ್ತಬೇಕು. ಹೊರೆ ಹೇರಿ ಮಳೆಯಲ್ಲಿ ಘಟ್ಟ ಇಳಿಯುವುದನ್ನು ದುರಸ್ತಿಯಾಗುವವರೆಗೆ ಮುಂದೂಡುವುದೇ ಲೇಸು.

ಸ್ಪೀಡೋಮೀಟರ್ ನಿಂತ ವಾಹನದಲ್ಲಿ ವೇಗ ತಿಳಿಯದು, ಎಣ್ಣೆ ಬದಲಾಯಿಸಬೇಕಾದ ಕಿಲೋಮೀಟರ್ ಲೆಕ್ಕವೂ ತಪ್ಪುತ್ತದೆ. 80 ಕಿ.ಮೀ. ವೇಗ ಮೀರಿದಾಗ ಈಚಿನ ಕಾರುಗಳಲ್ಲಿ ಕೇಳಿಬರುವ ಎಚ್ಚರಿಕೆಯ ಸದ್ದೂ ವೇಗದ ಸಂಕೇತವನ್ನೇ ಅವಲಂಬಿಸಿದೆ. ಬಾಡಿಗೆಗೆ ಓಡುವ ಸಾರಿಗೆ ವಾಹನಗಳ ಅರ್ಹತಾ ಪರೀಕ್ಷೆಯಲ್ಲಿ ಸ್ಪೀಡೋಮೀಟರನ್ನೂ ನೋಡುತ್ತಾರೆ.

ಮುನ್ನೆಚ್ಚರಿಕೆಗಳು

* ಗದ್ದೆಯಿಂದ ಬಂದ ವಾಹನದ ಚಕ್ರಗಳ ಒಳಬದಿಯನ್ನು ಕೆಸರು ಒಣಗುವ ಮೊದಲೇ ತೊಳೆಯಬೇಕು. ಜೋರಾದ ಪಂಪಿನ ನೀರನ್ನು ಸೆನ್ಸರ್ ಮತ್ತು ಕನೆಕ್ಟರಿನ ಮೇಲೆ ನೇರವಾಗಿ ಹಾಯಿಸಬಾರದು.

* ಆಕ್ಸಲಿಗೆ ಸುತ್ತಿದ ರವದಿ, ಹುಲ್ಲು, ಹಗ್ಗವನ್ನು ಕೂಡಲೆ ಬಿಡಿಸಬೇಕು.

* ವಾಹನದ ಬಾಡಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಬೇಕು. ಇಲ್ಲವಾದರೆ ನಿಯಂತ್ರಕ ಸುಡುವ ಸಂಭವವಿದೆ.

* ಬ್ರೇಕ್, ಬೇರಿಂಗ್ ಕೆಲಸ ಮಾಡಿಸಿದಾಗ ಸೆನ್ಸರಿನ ವೈರನ್ನು ಮೊದಲಿನ ಕ್ಲಿಪ್ಪುಗಳಿಗೇ ಸಿಕ್ಕಿಸಿದ್ದಾರೆಯೇ ನೋಡಬೇಕು.

* ಪ್ರತಿದಿನ ಕೀಲಿ ತಿರುಗಿಸಿದಾಗ ಹಳದಿ ದೀಪ ಹತ್ತಿ ಆರುವುದನ್ನು ಗಮನಿಸುವ ಅಭ್ಯಾಸವಿರಬೇಕು.

ಬೆಳೆಯ ರೋಗವನ್ನು ಗುರುತಿಸದೆ ಔಷಧಿ ಸಿಂಪಡಿಸಿದರೆ ಹಣವೂ ಹೋಗುತ್ತದೆ, ಬೆಳೆಯೂ ಉಳಿಯುವುದಿಲ್ಲ. ವಾಹನದ ವಿಷಯವೂ ಹಾಗೆಯೇ. ದೀಪವನ್ನು ಗಮನಿಸಿ, ಚಕ್ರ ಯಾವುದೆಂದು ಗುರುತಿಸಿ, ಕೆಸರು, ವೈರು, ಬೇರಿಂಗ್ ನೋಡಿ, ಆಮೇಲೆ ಬಿಡಿಭಾಗದ ಮಾತು ಎತ್ತುವುದು ಸರಿಯಾದ ಕ್ರಮ. ಈ ಕ್ರಮವನ್ನು ಅನುಸರಿಸಿದರೆ ರೈತರು ಹಣವನ್ನು ಉಳಿಸಬಹುದು; ಅದಕ್ಕಿಂತ ಹೆಚ್ಚಾಗಿ, ಹೊರೆ ಹೊತ್ತ ವಾಹನದಲ್ಲಿ ಕುಳಿತವರು ಸುರಕ್ಷಿತವಾಗಿ ಮನೆಗೆ ಮರಳಬಹುದು.